ಕುಡಿತ ಬಿಟ್ಟ ಮೂರನೆಯ ದಿನ: ಮೆದುಳಿನಲ್ಲಿ ನಡೆಯುವುದೇನು?

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗ ರಾಜ್ಯದ ಮದ್ಯದಂಗಡಿಗಳು ಮುಚ್ಚಿದವು. ಅವು ಮತ್ತೆ ಬಾಗಿಲು ತೆರೆದದ್ದು ಮೇ 4ರಂದು. ಈ ನಡುವೆ ಕೈನಡುಕ, ಮೂರ್ಛೆ, ಮತಿಭ್ರಮಣೆಗೆ ಗುರಿಯಾಗಿ ಆಸ್ಪತ್ರೆ ಸೇರಿದವರು ಹಲವರು. ಅವರಾರೂ ಕುಡಿದು ಬಂದವರಲ್ಲ, ಕುಡಿತ ಹಠಾತ್ತನೆ ನಿಂತು ಹೋದವರು. ಚಟ ಬಿಟ್ಟರೆ ಒಳಿತಾಗಬೇಕಲ್ಲವೇ? ಕೆಡುಕೇಕಾಯಿತು? ಉತ್ತರವನ್ನು ಮೆದುಳಿನಲ್ಲೇ ಹುಡುಕಬೇಕು.

ಭಾಗಕ್ಕೊಂದು ಕೆಲಸ

ವಯಸ್ಕರ ಮೆದುಳಿನ ತೂಕ ಸುಮಾರು 1.4 ಕೆ.ಜಿ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಯೋಚನೆ, ಮಾತು, ವಿವೇಚನೆಗಳು ಮಹಾಮಸ್ತಿಷ್ಕದ ಕೆಲಸ. ಹಣೆಯ ಹಿಂಬದಿಯಲ್ಲಿರುವ ಅದರ ಮುಂಭಾಗವೇ ಮನುಷ್ಯನಿಗೆ ಸಂಯಮ ಕೊಡುವುದು. ತಲೆಯ ಹಿಂದೆ, ಕೆಳಗಿರುವ ಅನುಮಸ್ತಿಷ್ಕ ದೇಹದ ಸಮತೋಲನ ಕಾಯುತ್ತದೆ. ಹಿಪ್ಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಹೊಸ ನೆನಪುಗಳನ್ನು ರೂಪಿಸುತ್ತದೆ. ಉಸಿರಾಟ, ಹೃದಯ ಬಡಿತಗಳು ಮೆದುಳಿನ ಕಾಂಡದ ಹತೋಟಿಯಲ್ಲಿವೆ.

ಕುಡಿದವನ ವರ್ತನೆಯಲ್ಲಿ ಈ ಭಾಗಗಳೆಲ್ಲ ಕಾಣಿಸುತ್ತವೆ. ನಾಲಿಗೆಯ ಲಗಾಮು ತಪ್ಪುವುದು ಮೆದುಳಿನ ಮುಂಭಾಗ ಮಂಕಾದಾಗ. ಹೆಜ್ಜೆ ತೂರಾಡುವುದು ಅನುಮಸ್ತಿಷ್ಕ ಸೋತಾಗ. ರಾತ್ರಿ ನಡೆದದ್ದು ಬೆಳಿಗ್ಗೆ ನೆನಪಿಲ್ಲದಿರುವುದು ಹಿಪ್ಪೊಕ್ಯಾಂಪಸ್ ಕೈಕೊಟ್ಟಾಗ. ಪ್ರಮಾಣ ಅತಿಯಾಗಿ ಮೆದುಳಿನ ಕಾಂಡವೂ ಮಂಕಾದರೆ ಉಸಿರೇ ನಿಲ್ಲಬಹುದು.

ಬ್ರೇಕು ಮತ್ತು ವೇಗ

ನರಕೋಶಗಳು ಪರಸ್ಪರ ಸಂದೇಶ ಕಳುಹಿಸುವುದು ರಾಸಾಯನಿಕಗಳ ಮೂಲಕ. ಇವುಗಳಲ್ಲಿ 'ಗಾಬಾ' ವಾಹನದ ಬ್ರೇಕಿನಂತೆ ನರಗಳನ್ನು ಶಾಂತಗೊಳಿಸುತ್ತದೆ. 'ಗ್ಲುಟಮೇಟ್' ಅವುಗಳನ್ನು ಚುರುಕುಗೊಳಿಸುತ್ತದೆ. ಮದ್ಯವು ಗಾಬಾದ ಪ್ರಭಾವವನ್ನು ಹೆಚ್ಚಿಸಿ, ಗ್ಲುಟಮೇಟ್‌ನ ಪ್ರಭಾವವನ್ನು ತಗ್ಗಿಸುತ್ತದೆ. ಜೊತೆಗೆ ಹಿತಾನುಭವಕ್ಕೆ ಸಂಬಂಧಿಸಿದ 'ಡೋಪಮಿನ್' ಸ್ರವಿಸಿ, 'ಇನ್ನೊಮ್ಮೆ ಬೇಕು' ಎಂಬ ಪಾಠವನ್ನು ಮೆದುಳು ಕಲಿಯುತ್ತದೆ.

ವರ್ಷಗಟ್ಟಲೆ ನಿತ್ಯ ಕುಡಿದರೆ ಮೆದುಳು ಇದಕ್ಕೆ ಹೊಂದಿಕೊಳ್ಳುತ್ತದೆ. ತನ್ನ ಬ್ರೇಕನ್ನು ಸಡಿಲಿಸಿ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಮೊದಲಿನ ಅಮಲಿಗೆ ಹೆಚ್ಚು ಮದ್ಯ ಬೇಕಾಗುವುದು ಇದರಿಂದಲೇ. ಈ ಸ್ಥಿತಿಯಲ್ಲಿ ಮದ್ಯ ಒಮ್ಮೆಲೇ ನಿಂತರೆ ಉಳಿಯುವುದು ಬ್ರೇಕಿಲ್ಲದ ವೇಗ ಮಾತ್ರ.

ಅಪಾಯದ ದಿನಗಳು

ಕೊನೆಯ ಬಾರಿ ಕುಡಿದ ಕೆಲವು ಗಂಟೆಗಳಲ್ಲೇ ಕೈನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಲ್ಲಿ ತೀವ್ರ ಮತಿಭ್ರಮಣೆ ಕಾಣಿಸಿಕೊಳ್ಳುತ್ತದೆ. ರೋಗಿಗೆ ಇಲ್ಲದ ಹುಳಹುಪ್ಪಟೆ ಕಾಣುತ್ತವೆ, ಮನೆಯವರ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಇದನ್ನು 'ಗಾಳಿ ಸೋಕಿದೆ' ಎಂದು ಭಾವಿಸಿ ಮಂತ್ರವಾದಿಯಲ್ಲಿಗೆ ಒಯ್ಯುವುದು, ಬುದ್ಧಿ ಬರಲೆಂದು ಕೋಣೆಯಲ್ಲಿ ಕೂಡಿಹಾಕುವುದು ಪ್ರಾಣಕ್ಕೆ ಎರವಾಗಬಹುದು. ಇದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಅಪರೂಪಕ್ಕೆ ಕುಡಿಯುವವರಿಗೆ ಈ ಭಯವಿಲ್ಲ. ನಿತ್ಯ ಹೆಚ್ಚು ಕುಡಿಯುವವರು, ಹಿಂದೊಮ್ಮೆ ಕುಡಿತ ಬಿಟ್ಟಾಗ ಮೂರ್ಛೆ ಬಂದವರು ವಿಶೇಷ ಎಚ್ಚರ ವಹಿಸಬೇಕು.

ಚಿಕಿತ್ಸೆ ಇದೆ

ವೈದ್ಯರು ಡಯಾಜೆಪಾಮ್ ವರ್ಗದ ಔಷಧ ನೀಡಿ ಸಡಿಲಗೊಂಡ ಬ್ರೇಕಿಗೆ ತಾತ್ಕಾಲಿಕ ಬಲ ಕೊಡುತ್ತಾರೆ. ನಂತರ ಅದನ್ನು ಕ್ರಮೇಣ ಇಳಿಸುತ್ತಾರೆ. ಈ ಮಾತ್ರೆಗಳೂ ಚಟವಾಗಬಲ್ಲವು. ಮದ್ಯದೊಂದಿಗೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲವು. ಆದ್ದರಿಂದ ಇವನ್ನು ಸ್ವಂತ ನಿರ್ಧಾರದಿಂದ ನುಂಗುವುದು ಸಲ್ಲದು. ದೀರ್ಘಕಾಲ ಕುಡಿದವರಲ್ಲಿ ಕೊರತೆಯಾಗುವ ಥಯಮಿನ್, ಅಂದರೆ ಬಿ1 ಜೀವಸತ್ವವನ್ನೂ ನೀಡುವುದು ಅಗತ್ಯ. ಅದು ತಪ್ಪಿದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲೂ ಸಲಹೆ ದೊರೆಯುತ್ತದೆ.

ಕುಡಿತ ಬಿಡುವ ಸಂಕಲ್ಪ ದೊಡ್ಡದು. ಆದರೆ ಬದಲಾದ ನರಮಂಡಲವನ್ನು ಸಂಕಲ್ಪವೊಂದೇ ಸರಿಪಡಿಸಲಾರದು. 'ನಾಳೆಯಿಂದ ಮುಟ್ಟುವುದಿಲ್ಲ' ಎಂದು ಮನೆಯ ಯಜಮಾನ ಆಣೆ ಮಾಡಿದ ದಿನವೇ ಆತನನ್ನು ವೈದ್ಯರ ಬಳಿ ಕರೆದೊಯ್ಯುವುದು ಮನೆಯವರು ಮಾಡಬಹುದಾದ ದೊಡ್ಡ ಉಪಕಾರ.