ಸಂದಿಯಲ್ಲಿ ನುಸುಳುವ ಚಳಿಗಾಳಿ

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ನೀವು ನೋಡಿರಬಹುದು. ಅವನ್ನು ತಿರುಗಿಸುವ ಗಾಳಿಯೇ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳೊಳಗೆ ನುಸುಳಿ ಮಲಗಿದವರನ್ನು ನಡುಗಿಸುತ್ತದೆ. ಬಾಗಿಲು ಹಾಕಿದ್ದರೂ ಗಾಳಿ ಒಳಬರುವುದು ಹೇಗೆ?

ಒತ್ತಡದ ವ್ಯತ್ಯಾಸವೇ ಇದಕ್ಕೆ ಕಾರಣ. ಅದು ಎರಡು ಬಗೆಯಲ್ಲಿ ಉಂಟಾಗುತ್ತದೆ. ಮೊದಲನೆಯದು ಬೀಸುವ ಗಾಳಿಯಿಂದ. ಗಾಳಿಗೆ ಎದುರಾದ ಗೋಡೆಯ ಮೇಲೆ ಒತ್ತಡ ಹೆಚ್ಚು, ಮರೆಯ ಗೋಡೆಯ ಬಳಿ ಕಡಿಮೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಸುಮಾರು 14 ಪಾಸ್ಕಲ್ ಒತ್ತಡ ಹೇರಬಲ್ಲದು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಎರಡನೆಯದು ಉಷ್ಣತೆಯಿಂದ. ಒಳಗಿನ ಬೆಚ್ಚನೆಯ ಗಾಳಿ ಹಗುರ. ಅದು ಮೇಲೇರಿ ಹೆಂಚಿನ ಸಂದಿಗಳಿಂದ ಹೊರಹೋಗುತ್ತದೆ. ಆ ಜಾಗ ತುಂಬಲು ತಣ್ಣನೆಯ ಗಾಳಿ ಹೊಸ್ತಿಲ ಬಳಿ ಒಳಬರುತ್ತದೆ. ಹೊರಗೆ ಎಲೆ ಅಲುಗದಿದ್ದಾಗಲೂ ಕಾಲಿಗೆ ಚಳಿ ತಾಗುವುದು ಇದರಿಂದಲೇ.

ಸಂದಿ ಸಣ್ಣದೆಂದು ಕಡೆಗಣಿಸುವಂತಿಲ್ಲ. 90 ಸೆಂ.ಮೀ. ಅಗಲದ ಬಾಗಿಲಿನ ಕೆಳಗೆ 3 ಮಿ.ಮೀ. ಸಂದಿ ಇದ್ದರೆ ಅದರ ವಿಸ್ತೀರ್ಣ 27 ಚದರ ಸೆಂ.ಮೀ. ಗೋಡೆಯಲ್ಲಿ 5 ಸೆಂ.ಮೀ. ಚೌಕದ ಕಿಂಡಿ ಕೊರೆದದ್ದಕ್ಕಿಂತ ಹೆಚ್ಚು!

ಅಮೆರಿಕದಲ್ಲಿ ಮರದ ಚೌಕಟ್ಟಿನ ಎಷ್ಟೋ ಮನೆಗಳಿಗೆ ವಿನೈಲ್ ಪಟ್ಟಿಗಳ ಹೊರಹೊದಿಕೆ ಇರುತ್ತದೆ. ಬಿಸಿಲಿಗೆ ಹಿಗ್ಗಲೆಂದು ಅವನ್ನು ಸಡಿಲವಾಗಿ ಮೊಳೆ ಹೊಡೆದು ಕೂರಿಸುತ್ತಾರೆ. ನೀರು ಬಸಿಯಲು ರಂಧ್ರಗಳೂ ಇರುತ್ತವೆ. ಆದ್ದರಿಂದ ಆ ಹೊದಿಕೆ ಮಳೆಯ ಬಹುಪಾಲನ್ನು ತಡೆದರೂ ಗಾಳಿಯನ್ನು ತಡೆಯಲಾರದು. ನಮ್ಮ ತಗಡಿನ ಮನೆಗಳಲ್ಲೂ ಹೀಗೆಯೇ. ಅಲೆಯಲೆಯಾದ ತಗಡು ಗೋಡೆಯನ್ನು ಸೇರುವಲ್ಲಿ ಸಾಲುಸಾಲಾಗಿ ಕಿಂಡಿಗಳು ಉಳಿದಿರುತ್ತವೆ.

ಒಂದು ಪ್ರಯೋಗ ಮಾಡಿ. ಚಳಿ ಇರುವ ಮುಂಜಾನೆ ಫ್ಯಾನ್ ಆರಿಸಿ, ಬಾಗಿಲು ಕಿಟಕಿ ಮುಚ್ಚಿ. ಉರಿಯುವ ಊದುಬತ್ತಿಯನ್ನು ಹೊಸ್ತಿಲು, ಕಿಟಕಿಯ ಚೌಕಟ್ಟು, ಸೂರಿನ ಅಂಚುಗಳ ಬಳಿ ಹಿಡಿಯಿರಿ. ಪರದೆಗೆ ತಾಗದಂತೆ ಎಚ್ಚರವಿರಲಿ. ಹೊಗೆ ಬಾಗುವ ದಿಕ್ಕನ್ನು ಬರೆದುಕೊಳ್ಳಿ. ಗಾಳಿ ಇಲ್ಲದ ದಿನವೂ ಇರುವ ದಿನವೂ ಮಾಡಿದರೆ ಮೇಲಿನ ಎರಡು ಕಾರಣಗಳನ್ನು ಬೇರ್ಪಡಿಸಿ ತಿಳಿಯಬಹುದು.

ಪರಿಹಾರ ಸುಲಭ. ಹೊಸ್ತಿಲಿಗೆ ಮರಳು ತುಂಬಿದ ಉದ್ದನೆಯ ಬಟ್ಟೆಚೀಲ, ಚೌಕಟ್ಟಿನ ಸುತ್ತಲಿನ ಬಿರುಕಿಗೆ ಗಾರೆ, ಕಿಟಕಿಗೆ ರಬ್ಬರ್ ಪಟ್ಟಿ ಸಾಕು. ಮೇಲಿನ ಸಂದಿಗಳನ್ನು ಕಡಿಮೆ ಮಾಡಿದರೆ ಕೆಳಗಿನ ಒಳಹರಿವೂ ತಗ್ಗುತ್ತದೆ.

ಆದರೆ ಗವಾಕ್ಷಿಯನ್ನು ಮುಚ್ಚಬೇಡಿ. ಸಂದಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದು ಪ್ರಾಣಾಪಾಯಕ್ಕೆ ದಾರಿ. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಅದರ ಸುಳಿವೇ ಸಿಗದು. ಮಲಗುವ ಮುನ್ನ ಕೆಂಡವನ್ನು ಹೊರಗಿಡಿ, ಕಂಬಳಿ ಹೊದೆಯಿರಿ.