ಹಾಲಿನ ಪುಡಿ ಕೆಲಸ ಮಾಡಿತೋ ಇಲ್ಲವೋ? ಕೊಟ್ಟಿಗೆಯಲ್ಲೇ ಪರೀಕ್ಷಿಸಿ ನೋಡಿ



ಹಾಲು ಇಳಿದ ದಿನ ಅಂಗಡಿಯಿಂದ ಮನೆಗೆ ಮೊದಲು ಬರುವುದು ಟಾನಿಕ್ ಬಾಟಲಿ, ಇಲ್ಲವೇ ಹಾಲು ಹೆಚ್ಚಿಸುತ್ತದೆ ಎನ್ನುವ ಪುಡಿಯ ಡಬ್ಬಿ. ಕೆಂಗೇರಿ, ಕುಂಬಳಗೋಡು, ತಾವರೆಕೆರೆ ಕಡೆಯ ಸಂಘಗಳಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಡಾಕ್ಟ್ರೇ, ಈ ಪುಡಿ ಹಾಕ್ಬಹುದಾ? ಪಕ್ಕದ ಮನೆಯವ್ರು ಹಾಕಿದ್ರು, ಅರ್ಧ ಲೀಟರ್ ಜಾಸ್ತಿ ಆಯ್ತಂತೆ."

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಮ್ಮ ಭಾಗದಲ್ಲಿ ಹೊಲಗಳೆಲ್ಲ ಲೇಔಟ್ ಆದ ಮೇಲೆ ಹಸಿ ಹುಲ್ಲನ್ನೂ ಕೊಂಡೇ ಹಾಕಬೇಕಾದ ಮನೆಗಳು ಬಹಳ. ರಾಗಿ ಹುಲ್ಲು, ಬೂಸಾ, ಹಿಂಡಿ, ಪಶು ಆಹಾರ ಎಲ್ಲಕ್ಕೂ ದುಡ್ಡು. ಹೈನುಗಾರಿಕೆಯ ಖರ್ಚಿನಲ್ಲಿ ನೂರಕ್ಕೆ ಅರವತ್ತರಿಂದ ಎಪ್ಪತ್ತು ರೂಪಾಯಿ ಮೇವಿಗೇ ಹೋಗುತ್ತದೆ. ಅದರ ಮೇಲೆ ದಿನಕ್ಕೆ ಹದಿನೈದು ಇಪ್ಪತ್ತು ರೂಪಾಯಿಯ ಪುಡಿ ಸೇರಿದರೆ ಬಟವಾಡೆಯಲ್ಲಿ ಕೈಗೆ ಉಳಿಯುವುದು ಅಷ್ಟು ಕಡಿಮೆ. ಪುಡಿ ಮಾರುವವರು ಮಾತಾಡುವುದು ಯಜಮಾನರ ಜೊತೆ. ಬೆಳಗ್ಗೆ ಐದಕ್ಕೆ ಎದ್ದು ಕೆಚ್ಚಲು ತೊಳೆದು ಹಾಲು ಕರೆಯುವವರು ನೀವು. ಪುಡಿ ಬೇಕೋ ಬೇಡವೋ ಎಂದು ಹೇಳುವ ಅಧಿಕಾರವೂ ನಿಮಗೇ ಇರಬೇಕು. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ತೂಕದ ಕೊಕ್ಕೆ, ಆರು ವಾರದ ತಾಳ್ಮೆ.

"ಹಾಕಿದೆ, ಹಾಲು ಏರಿತು" ಎಂದರೆ ಸಾಲದೇ? ಸಾಲದು. ಹಸು ಕರು ಹಾಕಿದ ಮೇಲೆ ಆರರಿಂದ ಎಂಟು ವಾರದವರೆಗೆ ಹಾಲು ತಾನಾಗಿಯೇ ಏರುತ್ತದೆ. ಆ ದಿನಗಳಲ್ಲಿ ನೀವು ಏನೇ ಕೊಟ್ಟರೂ, ಬರೀ ಅಡುಗೆ ಮನೆಯ ಅರಿಶಿನ ಕೊಟ್ಟರೂ, ಅದೇ ಹಾಲು ಹೆಚ್ಚಿಸಿದ ಹಾಗೆ ಕಾಣುತ್ತದೆ. ಹೆಚ್ಚಿನ ಪುಡಿಗಳನ್ನು "ಕರು ಹಾಕಿದ ತಕ್ಷಣ ಶುರು ಮಾಡಿ" ಎಂದು ಹೇಳಿ ಮಾರುತ್ತಾರೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ. ಆ ಏರಿಕೆ ಮುಗಿದ ಮೇಲೆ ಹಾಲು ತಿಂಗಳಿಗೆ ಸುಮಾರು ಶೇ. 8ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಆಗ ಕೊಟ್ಟ ಒಳ್ಳೆಯ ಆಹಾರಕ್ಕೂ ಕೆಟ್ಟ ಹೆಸರು ಬರಬಹುದು.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಟಾನಿಕ್ ತರುವುದು ಹಾಲು ತೀರಾ ಇಳಿದ ದಿನ. ಇಳಿದದ್ದು ಯಾಕೆ? ಹಸು ಬೆದೆಗೆ ಬಂದಿರಬಹುದು, ಹಿಂದಿನ ದಿನ ಲಸಿಕೆ ಹಾಕಿರಬಹುದು, ವಿಪರೀತ ಬಿಸಿಲಿರಬಹುದು, ಕರೆಂಟ್ ಹೋಗಿ ಮೋಟಾರ್ ಓಡದೆ ನೀರು ಕಡಿಮೆ ಬಿದ್ದಿರಬಹುದು. ಇವೆಲ್ಲ ಒಂದೆರಡು ದಿನದಲ್ಲಿ ಸರಿಯಾಗುತ್ತವೆ, ಹಾಲು ಹಳೆಯ ಮಟ್ಟಕ್ಕೆ ಬರುತ್ತದೆ. ಹೆಸರು ಮಾತ್ರ ಟಾನಿಕ್ಕಿಗೆ.

ಹಾಗಾದರೆ ನಿಜ ತಿಳಿಯುವುದು ಹೇಗೆ? ದಾರಿ ಹಳೆಯದೇ, ಅದರ ಪ್ರಸಿದ್ಧ ಕಥೆಯಲ್ಲಿ ಇರುವುದೂ ಹಾಲೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರಿದ್ದರು. ಅಲ್ಲಿಯೇ ಪಾಚಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ಮಹಿಳೆ, ಕಪ್ಪಿಗೆ ಮೊದಲು ಹಾಲು ಹಾಕಿ ಆಮೇಲೆ ಟೀ ಹಾಕಿದ್ದೋ, ಮೊದಲು ಟೀ ಹಾಕಿ ಆಮೇಲೆ ಹಾಲು ಹಾಕಿದ್ದೋ ಎಂಬುದನ್ನು ಕುಡಿದೇ ಹೇಳಬಲ್ಲೆ ಎಂದರು. ನಾವಾದರೆ ನಕ್ಕು ಸುಮ್ಮನಾಗುತ್ತಿದ್ದೆವು. ಫಿಶರ್ ಅದನ್ನೇ ಪರೀಕ್ಷೆಯಾಗಿ ಯೋಚಿಸಿದರು. 1935ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರಿಸಿದರು: ಎಂಟು ಕಪ್ಪು, ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಟೀ ಮೊದಲು. ಯಾವ ಕ್ರಮದಲ್ಲಿ ಕೊಡಬೇಕೆಂಬುದನ್ನು ಲಾಟರಿಯಂತೆ ನಿರ್ಧರಿಸಬೇಕು. ಒಂದು ಕಪ್ಪನ್ನು ಸರಿಯಾಗಿ ಹೇಳಿದರೆ ಅದು ಅದೃಷ್ಟವೂ ಇರಬಹುದು. ಎಂಟನ್ನೂ ಸರಿಯಾಗಿ ಹೇಳುವುದು ಬರೀ ಊಹೆಯಿಂದಾದರೆ 70 ಸಲಕ್ಕೆ ಒಂದು ಸಲ ಮಾತ್ರ ಸಾಧ್ಯ.

ಫಿಶರ್ ಬಳಿ ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ಮಾಡಿದವರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಒಬ್ಬರು. ಅವರು ಬಹುಕಾಲ ದುಡಿದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ ನೀವು ಬಸ್ಸಿನಲ್ಲಿ ದಿನವೂ ದಾಟುವ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲೇ ಇದೆ, ಕೆಂಗೇರಿಗೆ ಸ್ವಲ್ಪ ಮುಂಚೆ. ಕಾರ್ಖಾನೆಗಳ ಗುಣಮಟ್ಟ, ಸರಕಿನ ದಾಸ್ತಾನು, ಯಂತ್ರಗಳ ಕೆಲಸ ಇಂಥ ವ್ಯವಹಾರದ ತೊಡಕುಗಳಿಗೆ ಅಂಕಿ ಅಂಶದಿಂದ ಉತ್ತರ ಹುಡುಕುವ ವಿಭಾಗವೂ ಆ ಸಂಸ್ಥೆಯಲ್ಲಿದೆ. ಕಾರ್ಖಾನೆಗೆ ಸಲ್ಲುವ ವಿಧಾನ ಎರಡು ಹಸುವಿನ ಕೊಟ್ಟಿಗೆಗೂ ಸಲ್ಲುತ್ತದೆ. ಕೊಟ್ಟಿಗೆಯೂ ಒಂದು ವ್ಯವಹಾರವೇ ತಾನೆ?

ಹೈನು ವಿಜ್ಞಾನಿಗಳು ಬಳಸುವ ಒಂದು ಸರಳ ಪರೀಕ್ಷೆ ಹೀಗಿದೆ. ಎರಡು ವಾರ ಪುಡಿ ಇಲ್ಲದೆ, ಎರಡು ವಾರ ಪುಡಿ ಹಾಕಿ, ಮತ್ತೆ ಎರಡು ವಾರ ಪುಡಿ ಇಲ್ಲದೆ. ಹಿಂದಕ್ಕೆ ಬರುವ ಆ ಮೂರನೇ ಭಾಗವೇ ಇದರ ಜೀವಾಳ. ಪ್ರತಿ ಎರಡು ವಾರದಲ್ಲಿ ಮೊದಲ ವಾರದ ಲೆಕ್ಕ ಬಿಟ್ಟುಬಿಡಿ, ಏಕೆಂದರೆ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸದಕ್ಕೆ ಒಗ್ಗಲು ಸಮಯ ಬೇಕು. ಎರಡನೇ ವಾರದ ಏಳು ದಿನದ ಸರಾಸರಿ ತೆಗೆಯಿರಿ. ಪರೀಕ್ಷೆಗೆ ಕರು ಹಾಕಿ ಮೂರರಿಂದ ಆರು ತಿಂಗಳಾದ, ಆರೋಗ್ಯವಾಗಿರುವ ಹಸು ಒಳ್ಳೆಯದು.

ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪುಡಿ ಇಲ್ಲದ ಮೊದಲ ಸರಾಸರಿ ದಿನಕ್ಕೆ 11.2 ಲೀಟರ್. ಪುಡಿ ಹಾಕಿದಾಗ 11.1. ನಿಲ್ಲಿಸಿದ ಮೇಲೆ 10.4. ಈಗ ಮೂವರು ಇದನ್ನು ಓದುವ ರೀತಿ ನೋಡಿ.

ಮೊದಲೆರಡು ಅಂಕಿ ಮಾತ್ರ ನೋಡಿದವರು, "11.2 ಇದ್ದದ್ದು 11.1 ಆಯಿತು, ಪುಡಿ ದಂಡ" ಎನ್ನುತ್ತಾರೆ. ಕೊನೆಯ ಎರಡು ಮಾತ್ರ ನೋಡಿದವರು, "ನಿಲ್ಲಿಸಿದ್ದೇ ತಡ, ಮುಕ್ಕಾಲು ಲೀಟರ್ ಇಳಿಯಿತು, ಪುಡಿ ಇಲ್ಲದೆ ಆಗುವುದೇ ಇಲ್ಲ" ಎನ್ನುತ್ತಾರೆ. ಮಾರುವವರು ತೋರಿಸುವುದು ಈ ಎರಡನೆಯ ಲೆಕ್ಕವನ್ನು. ಇಬ್ಬರೂ ಮರೆತದ್ದು ಹಾಲಿನ ಸಹಜ ಇಳಿಕೆ. ಸರಿಯಾದ ಲೆಕ್ಕಕ್ಕೆ ಪುಡಿ ಇಲ್ಲದ ಎರಡೂ ಅವಧಿ ಕೂಡಿಸಿ ಎರಡರಿಂದ ಭಾಗಿಸಿ: 11.2 ಮತ್ತು 10.4 ಸೇರಿ 21.6, ಅರ್ಧ 10.8. ಮಧ್ಯದ ವಾರಗಳಲ್ಲಿ ಪುಡಿ ಇಲ್ಲದಿದ್ದರೂ ಹಸು ಸುಮಾರು 10.8 ಲೀಟರ್ ಕೊಡುತ್ತಿತ್ತು. ಕೊಟ್ಟದ್ದು 11.1. ಪುಡಿಯ ಪಾಲು 0.3 ಲೀಟರ್, ಅಂದರೆ 300 ಮಿಲಿ.

ಅಂದರೆ ಪುಡಿ ಕೆಲಸ ಮಾಡಿದೆ. ಆದರೆ ಲಾಭ ತಂದಿತೇ? ಪ್ರೋತ್ಸಾಹಧನವೂ ಸೇರಿ ಲೀಟರಿಗೆ 40 ರೂಪಾಯಿ ಎಂದಿಟ್ಟುಕೊಂಡರೆ 300 ಮಿಲಿಗೆ 12 ರೂಪಾಯಿ. ಪುಡಿಗೆ ದಿನಕ್ಕೆ 18 ರೂಪಾಯಿ ಆಗುತ್ತಿದ್ದರೆ ದಿನವೂ 6 ರೂಪಾಯಿ ನಷ್ಟ, ತಿಂಗಳಿಗೆ ಒಂದು ಹಸುವಿಗೆ 180. ಅದೇ ಪುಡಿ ದಿನಕ್ಕೆ 8 ರೂಪಾಯಿಗೆ ಸಿಕ್ಕರೆ 4 ರೂಪಾಯಿ ಲಾಭ. ಹಾಲು ಹೆಚ್ಚುವುದೂ ದುಡ್ಡು ಹೆಚ್ಚುವುದೂ ಬೇರೆ ಬೇರೆ ವಿಷಯ. ಸಂಘದಲ್ಲಿ ಜಿಡ್ಡು ಮತ್ತು ಎಸ್‌ಎನ್‌ಎಫ್ ನೋಡಿ ದರ ಕೊಡುವುದರಿಂದ ಆ ಚೀಟಿಗಳನ್ನೂ ನೋಟ್‌ಬುಕ್ಕಿಗೆ ಅಂಟಿಸಿಡಿ. ಹಾಲು ಏರಿ ಜಿಡ್ಡು ಇಳಿದಿದ್ದರೆ ಲೆಕ್ಕ ಬದಲಾಗುತ್ತದೆ.

ಒಂದೇ ಹಸುವಿನಲ್ಲಿ ಕಾಲು ಲೀಟರಿನ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಫಿಶರ್ ಒಂದು ಕಪ್ಪಿನ ಬದಲು ಎಂಟು ಕಪ್ಪು ಇಟ್ಟದ್ದು. ಇಲ್ಲಿ ನಮ್ಮ ಸಹಕಾರ ಸಂಘದ ಬಲ ಕೆಲಸಕ್ಕೆ ಬರುತ್ತದೆ. ನಾಲ್ಕೈದು ಮನೆಯವರು ಸೇರಿ ಎಂಟು ಹಸು ಆರಿಸಿಕೊಳ್ಳಿ. ನಾಲ್ಕು ಹಸುಗಳಿಗೆ ಇಲ್ಲ–ಇದೆ–ಇಲ್ಲ ಎಂಬ ಕ್ರಮ, ಉಳಿದ ನಾಲ್ಕಕ್ಕೆ ಇದೆ–ಇಲ್ಲ–ಇದೆ. ಆಗ ನಡುವೆ ಮಳೆ ಬಂದರೂ ಬಿಸಿಲು ಏರಿದರೂ ಎರಡೂ ಗುಂಪಿಗೆ ಸಮನಾಗಿ ತಟ್ಟುತ್ತದೆ. ಯಾವ ಹಸು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸಿ, ಮಕ್ಕಳ ಕೈಯಲ್ಲಿ ಎತ್ತಿಸಿದರೂ ಆಯಿತು. ನಾವೇ ಆರಿಸಿದರೆ ಮನಸ್ಸು ತನಗೆ ಗೊತ್ತಿಲ್ಲದೆಯೇ ಚೆನ್ನಾಗಿ ಕರೆಯುವ ಹಸುವಿನ ಕಡೆಗೆ ವಾಲುತ್ತದೆ.

ಕೊನೆಗೆ ಎಂಟು ಹಸುಗಳ ಲೆಕ್ಕವನ್ನೂ ಪಕ್ಕಪಕ್ಕ ಇಡಿ. ಪುಡಿ ಇದ್ದಾಗ ಎಂಟರಲ್ಲಿ ಎಂಟೂ ಹೆಚ್ಚು ಕೊಟ್ಟಿದ್ದರೆ ನಂಬಬಹುದು. ಏನೂ ಶಕ್ತಿಯಿಲ್ಲದ ಪುಡಿಗೆ ಬರೀ ಅದೃಷ್ಟದಿಂದ ಹಾಗಾಗುವುದು 256 ಸಲಕ್ಕೆ ಒಂದು ಸಲ. ಐದು ಏರಿ ಮೂರು ಇಳಿದಿದ್ದರೆ ಅದು ನಾಣ್ಯ ಚಿಮ್ಮಿದ ಹಾಗೆಯೇ, ಆ ಡಬ್ಬಿಗೆ ದುಡ್ಡು ಹಾಕಲು ಅಷ್ಟು ಆಧಾರ ಸಾಲದು.

ಕೆಲವು ಎಚ್ಚರಿಕೆಗಳು. ಆರು ವಾರವೂ ಒಬ್ಬರೇ ಕರೆಯಿರಿ, ಅದೇ ಹೊತ್ತಿಗೆ ಕರೆಯಿರಿ, ಕರುವಿಗೆ ಬಿಡುವ ಹಾಲು ಒಂದೇ ಸಮ ಇರಲಿ. ಸಾಧ್ಯವಾದರೆ ಪುಡಿ ಬೆರೆಸುವ ಕೆಲಸ ಸೊಸೆಯೋ ಅತ್ತೆಯೋ ಮಾಡಲಿ, ಕರೆಯುವವರಿಗೆ ಇಂದು ಪುಡಿ ಇದೆಯೋ ಇಲ್ಲವೋ ತಿಳಿಯದಿರಲಿ. ಪುಡಿ ಹಾಕಿದ್ದು ಗೊತ್ತಿದ್ದರೆ ಕೈ ಇನ್ನೆರಡು ಸಲ ಹೆಚ್ಚಿಗೆ ಹಿಂಡುತ್ತದೆ, ಅದು ಮನುಷ್ಯ ಸಹಜ. ಆ ಸಮಯದಲ್ಲಿ ಬೇರೆ ಏನನ್ನೂ ಬದಲಿಸಬೇಡಿ. ಪುಡಿಯ ಜೊತೆಗೇ ಹೊಸ ಹಿಂಡಿಯನ್ನೂ ಶುರು ಮಾಡಿದರೆ ಯಾವುದರಿಂದ ಏನಾಯಿತು ಎಂದು ಯಾವ ವಿಜ್ಞಾನಿಯೂ ಹೇಳಲಾರ. ಬೆದೆ, ಲಸಿಕೆ, ಹೊಟ್ಟೆ ಉಬ್ಬರ ಏನೇ ಆದರೂ ಆ ದಿನದ ಎದುರಿಗೆ ಬರೆದಿಡಿ.

ಪರೀಕ್ಷೆ ಮಾಡಬಾರದ ವಿಷಯಗಳೂ ಇವೆ, ಪಶುವೈದ್ಯಾಧಿಕಾರಿಯಾಗಿ ಇದನ್ನು ಒತ್ತಿ ಹೇಳುತ್ತೇನೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿದರೆ ಏನು, ಬಿಟ್ಟರೆ ಏನು ಎಂದು ನೋಡಬೇಡಿ, ಹಾಕಿಸಲೇಬೇಕು. ಕರುವಿಗೆ ಗಿಣ್ಣು ಹಾಲು ಹುಟ್ಟಿದ ತಕ್ಷಣ ಕುಡಿಸಲೇಬೇಕು. ಕೆಚ್ಚಲು ಬಾವು ಬಂದ ಹಸುವಿಗೆ ಎರಡು ವಾರ ಕಾದು ನೋಡುವುದಿಲ್ಲ, ಅದೇ ದಿನ ಚಿಕಿತ್ಸೆ. ತುಂಬು ಗಬ್ಬದ ಹಸುವಿನ ಮೇಲೂ ಬೇಡ. ಹಿಂಡಿ ಅಥವಾ ಪಶು ಆಹಾರದ ಪ್ರಮಾಣ ಬದಲಿಸುವ ಪರೀಕ್ಷೆಯಾದರೆ ಒಮ್ಮೆಲೇ ಬದಲಿಸದೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ, ಇಲ್ಲವಾದರೆ ಹೊಟ್ಟೆ ಕೆಡುತ್ತದೆ.

ಖನಿಜ ಮಿಶ್ರಣವನ್ನೂ ಈ ಆರು ವಾರದ ತಕ್ಕಡಿಯಲ್ಲಿ ತೂಗಬೇಡಿ. ಅದರ ಮುಖ್ಯ ಕೆಲಸ ಸರಿಯಾಗಿ ಬೆದೆಗೆ ಬರುವುದು, ಗಬ್ಬ ನಿಲ್ಲುವುದು; ಅದು ಕಾಣಲು ತಿಂಗಳುಗಳೇ ಬೇಕು. ಯಾವ ಪ್ರದೇಶದ ಮೇವಿನಲ್ಲಿ ಯಾವ ಖನಿಜ ಕೊರತೆಯಿದೆ ಎಂದು ನಮ್ಮ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಮಣ್ಣು, ಮೇವು, ರಾಸುಗಳ ರಕ್ತ ಪರೀಕ್ಷಿಸಿ, ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸಿದ್ದಾರೆ. ಅಲ್ಲಿ ಬೇರೆಯವರು ಮಾಡಿದ ಪರೀಕ್ಷೆಯನ್ನು ನಂಬುವುದೇ ಜಾಣತನ. ಮನೆಯಲ್ಲಿ ನೀವು ಬರೆದಿಡಬೇಕಾದದ್ದು ಕರು ಹಾಕಿದ ದಿನ, ಬೆದೆಗೆ ಬಂದ ದಿನ, ಗರ್ಭಧಾರಣೆ ಮಾಡಿಸಿದ ದಿನ. ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವಿನ ಖರ್ಚನ್ನು ನೀವೇ ಗುಣಿಸಿ ನೋಡಿ, ಪುಡಿಯ ಡಬ್ಬಿಯ ಬೆಲೆ ಸಣ್ಣದಾಗಿ ಕಾಣುತ್ತದೆ.

ಮೊದಲ ಸಲ ಪರೀಕ್ಷೆ ಮಾಡುವವರು ದುಡ್ಡು ಖರ್ಚಾಗದ ವಿಷಯದಿಂದ ಶುರು ಮಾಡಿ ಎನ್ನುವುದು ನನ್ನ ಸಲಹೆ. ನೀರಿನಿಂದಲೇ ಮಾಡಿ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಆದರೂ ಬಹಳ ಮನೆಗಳಲ್ಲಿ ದಿನಕ್ಕೆ ಎರಡು ಅಥವಾ ಮೂರು ಸಲ ಬಕೆಟ್ ಹಿಡಿದು ನೀರು ತೋರಿಸುವುದು ರೂಢಿ, ರಾತ್ರಿಯಂತೂ ಇಲ್ಲವೇ ಇಲ್ಲ. ಈ ಬೇಸಿಗೆಯಲ್ಲಿ ಎರಡು ವಾರ ಈಗಿನಂತೆಯೇ ಕೊಟ್ಟು ಹಾಲು ಅಳೆಯಿರಿ. ಮುಂದಿನ ಎರಡು ವಾರ ಹಸುವಿನ ಬಾಯಿಗೆ ಸಿಗುವಂತೆ ತೊಟ್ಟಿಯಲ್ಲೋ ಕತ್ತರಿಸಿದ ಡ್ರಮ್ಮಿನಲ್ಲೋ ಹಗಲೂ ರಾತ್ರಿ ಶುದ್ಧ ನೀರು ಇಡಿ. ಆಮೇಲೆ ಎರಡು ವಾರ ಮತ್ತೆ ಮೊದಲಿನಂತೆ, ಆದರೆ ಬಿಸಿಲು ತೀರಾ ಜೋರಾಗಿದ್ದರೆ ಹಸುವನ್ನು ಬಾಯಾರಿಸಬೇಡಿ, ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ಬೆಳಗಿನ ಹಾಲನ್ನೂ ಸಂಜೆಯ ಹಾಲನ್ನೂ ಬೇರೆ ಬೇರೆ ಬರೆಯಿರಿ, ವ್ಯತ್ಯಾಸ ಬೆಳಗಿನ ಹಾಲಿನಲ್ಲಿ ಮೊದಲು ಕಾಣಬಹುದು. ಮುಂದಿನ ಸಲ ನಾನು ಸಂಘಕ್ಕೆ ಬಂದಾಗ ಆ ನೋಟ್‌ಬುಕ್ ತೋರಿಸಿ, ಸರಾಸರಿ ತೆಗೆಯುವುದನ್ನು ಒಟ್ಟಿಗೆ ಕೂತು ಮಾಡೋಣ.