ಕಾಫಿ ಬೀಜದ ಜಾತಕ

ವಯನಾಡಿನ ಸುಲ್ತಾನ್ ಬತ್ತೇರಿಯಿಂದ ಕೆಲವು ಮೈಲಿ ಒಳಗಿರುವ ಒಂದು ಕನ್ನಡ ಮನೆಯ ಕಣದಲ್ಲಿ, ಕೊಯ್ಲಿನ ಕಾಲದಲ್ಲಿ, ನಾವು ಕುಳಿತಿದ್ದೆವು. ಮನೆಯ ಹಿರಿಯರು ಹರಡಿದ ಉಂಡೆ ಕಾಫಿಯಿಂದ ಒಂದು ಹಿಡಿ ಎತ್ತಿ ಕಿವಿಯ ಬಳಿ ಅಲುಗಾಡಿಸಿದರು. ಒಳಗಿನ ಬೀಜ ಗಲಗಲ ಎಂದಿತು. “ಒಣಗಿದೆ, ಇನ್ನು ಚೀಲಕ್ಕೆ ತುಂಬಬಹುದು” ಎಂದರು. ಮೊಬೈಲು ಹಿಡಿದು ನಿಂತಿದ್ದ ಸೊಸೆ ನಕ್ಕಳು. “ಮಾವ, ವ್ಯಾಪಾರಿ ಈ ಸಲ ಅದನ್ನು ಕೇಳಲಿಲ್ಲ. ಯಾವ ಜಾಗದಲ್ಲಿ ಬೆಳೆದದ್ದು ಎಂದು ಕೇಳಿದ್ದಾರೆ.”

“ಯಾವ ಜಾಗ ಎಂದರೆ? ಈ ಜಾಗವೇ. ನನ್ನಪ್ಪ ಗಿಡ ಇಟ್ಟದ್ದು ಇಲ್ಲಿಯೇ.”

ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಇಟಲಿಯಲ್ಲೋ ಜರ್ಮನಿಯಲ್ಲೋ ಕುಳಿತ ಆಮದುದಾರನಿಗೆ ಅದು ಸಾಲದು. ಅವನಿಗೆ ಬೇಕಾದುದು ಅಕ್ಷಾಂಶ, ರೇಖಾಂಶ. ಅದೂ ದಶಮಾಂಶ ಬಿಂದುವಿನ ನಂತರ ಆರು ಅಂಕಿಗಳವರೆಗೆ.

ಈ ಬೇಡಿಕೆಯ ಮೂಲ ಐರೋಪ್ಯ ಒಕ್ಕೂಟದ ಒಂದು ಕಾಯಿದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಆ ಕಾಯಿದೆಯ ಪ್ರಕಾರ, 2020ನೆಯ ಇಸವಿಯ ಡಿಸೆಂಬರ್ 31ರ ನಂತರ ಕಾಡು ಕಡಿದ ಭೂಮಿಯಲ್ಲಿ ಬೆಳೆದ ಪದಾರ್ಥವನ್ನು ಅಲ್ಲಿಯ ಮಾರುಕಟ್ಟೆಯಲ್ಲಿ ಮಾರುವಂತಿಲ್ಲ. ಕಾಫಿ, ಕೋಕೋ, ರಬ್ಬರು, ಮರ, ಸೋಯಾ, ತಾಳೆಯೆಣ್ಣೆ, ದನಕರುಗಳು ಎಂಬ ಏಳು ಸರಕುಗಳೂ ಅವುಗಳಿಂದಾದ ಅನೇಕ ವಸ್ತುಗಳೂ ಇದರ ವ್ಯಾಪ್ತಿಗೆ ಸೇರುತ್ತವೆ. ಆದುದರಿಂದ ಇದು ವಯನಾಡಿನ ಮತ್ತು ನೀಲಗಿರಿಯ ಗೂಡಲೂರಿನ ಕಾಫಿ ಬೆಳೆಗಾರರ ಚಿಂತೆ ಮಾತ್ರವಲ್ಲ. ಕಾಸರಗೋಡಿನಲ್ಲಿ ರಬ್ಬರು, ಕೋಕೋ ಬೆಳೆಯುವ ನಮ್ಮ ಓದುಗರೂ ಅರಿತಿರಬೇಕಾದ ಸಂಗತಿ. ಚಹಾ ಆ ಪಟ್ಟಿಯಲ್ಲಿಲ್ಲ.

ಆರಂಭದಲ್ಲಿ 2024ರ ಡಿಸೆಂಬರ್ 30ರಿಂದ ಅನ್ವಯಿಸಬೇಕಾಗಿದ್ದ ಈ ನಿಯಮಗಳನ್ನು ಎರಡು ಸಲ ಮುಂದೂಡಲಾಯಿತು. 2025ರ ಡಿಸೆಂಬರಿನ ತಿದ್ದುಪಡಿಯಂತೆ ದೊಡ್ಡ ಹಾಗೂ ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30, ಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30 ಎಂದು ಗಡುವು ನಿಗದಿಯಾಗಿದೆ. ಮುಂದೂಡಿದ್ದನ್ನು ಕಂಡು “ಇನ್ನೂ ಕಾಲವಿದೆ” ಎಂದು ಸುಮ್ಮನಿರುವವರು ನಮ್ಮಲ್ಲಿ ಬಹಳ ಮಂದಿ. ಭಾರತದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲು ಹೊರದೇಶಗಳಿಗೆ ಹೋಗುತ್ತದೆ. ಅದರಲ್ಲಿ ಅರ್ಧಕ್ಕೂ ಹೆಚ್ಚಿನದು ಯೂರೋಪಿಗೆ. ಇಟಲಿ ನಮ್ಮ ಮೊದಲ ಗಿರಾಕಿ. ಇದನ್ನು ನೆನೆದರೆ ಸುಮ್ಮನಿರುವುದು ಕಷ್ಟ.

ನಮ್ಮ ಹಿರಿಯರಿಗೆ ನೆನಪಿರುವ ಕಾಫಿಯ ವ್ಯಾಪಾರ ಇದಕ್ಕೆ ತೀರ ವಿರುದ್ಧವಾದುದಾಗಿತ್ತು. 1942ರ ಕಾಫಿ ಕಾಯಿದೆಯ ಕಾಲದಿಂದ 1990ರ ದಶಕದ ನಡುವಿನವರೆಗೆ ಬೆಳೆಗಾರನ ಬೆಳೆ ಕಾಫಿ ಮಂಡಳಿಯ ಪೂಲಿಗೆ ಸೇರಬೇಕಾಗಿತ್ತು. ಚಿಕ್ಕಮಗಳೂರಿನದೂ ಕೊಡಗಿನದೂ ವಯನಾಡಿನದೂ ಒಂದೇ ರಾಶಿ. ಹಣ ಕಂತುಕಂತಾಗಿ ಬರುತ್ತಿತ್ತು. ಆ ಕಂತಿಗಾಗಿ ಕಾದವರ ಕಥೆಗಳು ಪ್ರತಿಯೊಂದು ಕಾಫಿ ಮನೆಯಲ್ಲೂ ಇವೆ. ಆ ರಾಶಿಯಲ್ಲಿ ಒಬ್ಬನ ಬೀಜಕ್ಕೆ ಹೆಸರಿರಲಿಲ್ಲ, ಊರಿರಲಿಲ್ಲ. 1996ರಲ್ಲಿ ಪೂಲು ಸಂಪೂರ್ಣವಾಗಿ ಕೊನೆಗೊಂಡು ಬೆಳೆಗಾರನು ತನಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದ. ಆದರೂ ಸಣ್ಣ ಹಿಡುವಳಿದಾರನ ಚೀಲ ಊರಿನ ಅಂಗಡಿಯಲ್ಲಿ ಇತರರ ಚೀಲಗಳೊಡನೆ ಬೆರೆಯುವುದು ನಿಲ್ಲಲಿಲ್ಲ. 2019ರಲ್ಲಿ ವಯನಾಡ್ ರೊಬಸ್ಟಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು ಸೀಮೆಗೆ ಹೆಸರು ಬಂದಿತು, ತೋಟಕ್ಕೆ ಬರಲಿಲ್ಲ. ಅದೇ ವರ್ಷ ಕಾಫಿ ಮಂಡಳಿ ಬ್ಲಾಕ್‌ಚೈನ್ ಎಂಬ ಗಣಕ ವ್ಯವಸ್ಥೆಯ ಮೇಲೆ ಒಂದು ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ತೆರೆಯಿತು. ಎರಡೆಕರೆಯವರ ಕಣದವರೆಗೆ ಅದರ ಸುದ್ದಿ ತಲುಪಿದ್ದನ್ನು ನಾವಂತೂ ಕಾಣೆವು.

ಬೆರಕೆಯೇ ಈಗ ತೊಡಕು. ರಫ್ತಿಗೆ ಹೋಗುವ ಒಂದು ಕಂಟೇನರಿನಲ್ಲಿ 60 ಕಿಲೋ ತೂಕದ 320 ಚೀಲಗಳು, ಅಂದರೆ 19.2 ಟನ್ನು ಕಾಫಿ ಹಿಡಿಯುತ್ತದೆ. ಹೆಕ್ಟೇರಿಗೆ ಸುಮಾರು 1,100 ಕಿಲೋ ಇಳುವರಿ ಎಂದಿಟ್ಟುಕೊಂಡರೆ, ಎರಡೆಕರೆಯವರ ಇಪ್ಪತ್ತಕ್ಕೂ ಹೆಚ್ಚು ತೋಟಗಳ ಫಸಲು ಸೇರಿದರೆ ಒಂದು ಕಂಟೇನರು. ಇವುಗಳಲ್ಲಿ ಒಂದೇ ಒಂದು ತೋಟದ ಗುರುತು ಸಿಗದಿದ್ದರೂ ಅದು ಬೆರೆತ ಇಡೀ ರಾಶಿ ಯೂರೋಪಿಗೆ ಅನರ್ಹವಾಗುತ್ತದೆ. ಆದಕಾರಣ ಗುರುತು ವ್ಯಾಪಾರಿಯ ಅಂಗಡಿಯಲ್ಲಿಯೇ ಆರಂಭವಾಗಬೇಕು: ತೂಕದ ಚೀಟಿಯಲ್ಲಿ ಬೆಳೆಗಾರನ ನೋಂದಣಿ ಸಂಖ್ಯೆ, ಚೀಲದ ಮೇಲೆ ಕ್ಯೂಆರ್ ಚೀಟಿ. ಮುಂದೆ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುವ ಯಂತ್ರ, ಗಾತ್ರದ ಜರಡಿ, ಬಣ್ಣ ನೋಡಿ ಕರಿಬೀಜವನ್ನು ಹೊರಗೆಸೆಯುವ ವಿದ್ಯುನ್ಮಾನ ಯಂತ್ರ ಇವೆಲ್ಲವನ್ನೂ ದಾಟುವಾಗ ಆ ಸಂಖ್ಯೆ ಕಳೆದುಹೋಗಬಾರದು. ಒಂದು ಗುಂಪು ಮುಗಿದ ಮೇಲೆ ಯಂತ್ರವನ್ನು ಖಾಲಿ ಮಾಡಿ ಇನ್ನೊಂದನ್ನು ಹಾಕಬೇಕು. ಇದರಿಂದ ಕಾರ್ಖಾನೆಗೆ ಸಮಯ ಹೋಗುತ್ತದೆ, ಖರ್ಚು ಹೆಚ್ಚುತ್ತದೆ. ಆ ಖರ್ಚು ಕೊನೆಗೆ ಕಾಫಿಯ ಬೆಲೆಯಿಂದಲೇ ಕಳೆಯುತ್ತದೆಯೇ ಎಂಬುದು ಬೆಳೆಗಾರರ ಶಂಕೆ. ಶಂಕೆ ನಿರಾಧಾರವೆಂದು ಹೇಳಲು ನಮಗೆ ಧೈರ್ಯವಿಲ್ಲ.

ಗುರುತು ಹಿಡಿಯುವ ಕೆಲಸಕ್ಕೆ ಮರಳೋಣ. ನಾಲ್ಕು ಹೆಕ್ಟೇರಿಗಿಂತ ಹೆಚ್ಚಿನ ತೋಟವಾದರೆ ಸುತ್ತಲಿನ ಎಲ್ಲೆಯನ್ನೇ ನಕ್ಷೆಯಾಗಿ ಕೊಡಬೇಕು. ಅದಕ್ಕಿಂತ ಚಿಕ್ಕದಾದರೆ ಒಂದು ಬಿಂದು ಸಾಕು. ಆರು ದಶಮಾಂಶ ಎಂದರೆ ನೆಲದ ಮೇಲೆ ಅರ್ಧ ಗೇಣು. ಸೊಸೆ ಹಲಸಿನ ಮರದ ಕೆಳಗೆ ನಿಂತು ಮೊಬೈಲು ನೋಡಿದಾಗ ಅಂಕಿಗಳು ಮಾರುಗಟ್ಟಲೆ ಅತ್ತಿತ್ತ ಸರಿಯುತ್ತಿದ್ದವು, ಏಕೆಂದರೆ ದಟ್ಟ ಎಲೆಗಳು ಉಪಗ್ರಹದ ಸಂಕೇತಕ್ಕೆ ಅಡ್ಡ ಬರುತ್ತವೆ. ತೋಟದ ನಡುವಿನ ಬಯಲಿಗೆ ಬಂದು ಐದು ನಿಮಿಷ ನಿಂತ ಮೇಲೆ ಅಂಕಿ ನೆಲೆಗೊಂಡಿತು. ಕಾಯಿದೆ ಅರ್ಧ ಗೇಣು ಕೇಳುತ್ತದೆ, ಯಂತ್ರ ಎರಡು ಮೂರು ಮಾರು ಕೊಡುತ್ತದೆ. ಬ್ರಸೆಲ್ಸಿನಲ್ಲಿ ಇದನ್ನು ಬರೆದವರು ಸಿಲ್ವರ್ ಓಕಿನ ಕೆಳಗೆ ನಿಂತು ನೋಡಿರಲಾರರು.

ಆ ನೆರಳೇ ಇನ್ನೊಂದು ಸಮಸ್ಯೆ. ಬ್ರೆಜಿಲಿನಲ್ಲಿ ಕಾಫಿಯನ್ನು ಬಹುಪಾಲು ಬಿಸಿಲಿನಲ್ಲಿ ಬೆಳೆಯುತ್ತಾರೆ. ನಮ್ಮಲ್ಲಿ ಹಲಸು, ಹಾಲುವಾಣ, ಸಿಲ್ವರ್ ಓಕು, ಮೇಲೆ ಹಬ್ಬಿದ ಕರಿಮೆಣಸು. ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುವ, ಹಕ್ಕಿಗಳಿಗೆ ಆಶ್ರಯವಾದ ಈ ಮರಗಳನ್ನು ಉಪಗ್ರಹದ ಚಿತ್ರ ಮೇಲಿನಿಂದ ನೋಡಿ ಕಾಡೆಂದೇ ಭಾವಿಸಬಹುದು. ಒಕ್ಕೂಟದ ಸಂಶೋಧನಾ ಕೇಂದ್ರ ಪ್ರಕಟಿಸಿದ 2020ರ ಅರಣ್ಯ ನಕ್ಷೆಯಲ್ಲಿ ನೆರಳಿನ ತೋಟಗಳು ಕಾಡಾಗಿ ಕಾಣಿಸಿಕೊಂಡಿವೆ ಎಂಬ ದೂರು ಅನೇಕ ದೇಶಗಳಿಂದ ಬಂದಿದೆ. ಮುಂದೆ ಯಾರಾದರೂ ಮುದಿ ಮರ ಕಡಿದು ನೆರಳು ತೆಳುಮಾಡಿದರೆ ಕಾಡು ಕಡಿದಂತೆ ತೋರುತ್ತದೆ. ಮರದ ನೆರಳಿನಲ್ಲಿ ಬೆಳೆಯುವ ಕೃಷಿಭೂಮಿ ಕಾಡಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಆ ನಕ್ಷೆಯೂ ಕಡ್ಡಾಯವಲ್ಲ. ಆದರೂ ತನ್ನದು ತೋಟವೆಂಬುದಕ್ಕೆ ಪುರಾವೆ ಒದಗಿಸಬೇಕಾದ ಹೊಣೆ ಮರವನ್ನು ಉಳಿಸಿಕೊಂಡವನ ತಲೆಯ ಮೇಲೆ ಬರುವುದು ವಿಚಿತ್ರವೇ ಸರಿ. 2025ರ ಮೇ ತಿಂಗಳಲ್ಲಿ ಭಾರತವನ್ನು ಅಪಾಯ ಕಡಿಮೆಯಿರುವ ದೇಶಗಳ ಸಾಲಿಗೆ ಸೇರಿಸಿದ್ದರಿಂದ ತಪಾಸಣೆಯ ಭಾರ ಸ್ವಲ್ಪ ಇಳಿದಿದೆ. ತೋಟದ ಗುರುತು ಕೊಡುವುದು ಮಾತ್ರ ತಪ್ಪಿಲ್ಲ.

ನಮ್ಮವರಿಗೆ ಎಲ್ಲಕ್ಕಿಂತ ಕಠಿನವಾದುದು ಮೊಬೈಲಲ್ಲ, ಕಾಗದ. ಸರಕು ಬೆಳೆದ ದೇಶದ ಕಾನೂನಿನಂತೆಯೇ ಬೆಳೆದಿರಬೇಕೆಂಬುದು ಇನ್ನೊಂದು ಷರತ್ತು. ಭೂಮಿಯ ಹಕ್ಕೂ ಅದರಲ್ಲಿ ಸೇರಿದೆ. ನಾವು ಕಂಡ ಆ ಮನೆಯಲ್ಲಿ ತೋಟ ಇನ್ನೂ ಹಿರಿಯರ ತಂದೆಯ ಹೆಸರಿನಲ್ಲಿತ್ತು. ಅವರು ತೀರಿಕೊಂಡು ಮೂವತ್ತು ವರ್ಷ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ನೆಮ್ಮದಿಯಿಂದ ಬದುಕಿದ್ದಾರೆ. ಗ್ರಾಮ ಕಚೇರಿಯಲ್ಲಿ ಪೋಕ್ಕುವರವು ಎಂದು ಕರೆಯುವ ಖಾತೆ ಬದಲಾವಣೆಗೆ ಯಾರೂ ಹೋಗಿಲ್ಲ. ದಾಖಲೆಗಳು ಮಲಯಾಳದಲ್ಲಿ, ಹಿರಿಯರ ಓದು ಕನ್ನಡದಲ್ಲಿ. “ಓದಲು ಬಾರದ ಕಾಗದಕ್ಕೆ ಯಾರು ಅಲೆಯುತ್ತಾರೆ, ಸ್ವಾಮೀ?” ಎಂದು ಅವರು ನಮ್ಮನ್ನು ಕೇಳಿದರು. ಮಲಯಾಳಂ ಶಾಲೆಯಲ್ಲಿ ಕಲಿತ ಮೊಮ್ಮಗಳು ಈಗ ಆ ಕಾಗದಗಳನ್ನು ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳುತ್ತಿದ್ದಾಳೆ.

ಕೇರಳ ಸರ್ಕಾರ 2022ರ ನವೆಂಬರಿನಲ್ಲಿ ಆರಂಭಿಸಿದ ಡಿಜಿಟಲ್ ಮರುಮಾಪನ ತಮ್ಮ ಗ್ರಾಮಕ್ಕೆ ಬಂದಾಗ ಎಲ್ಲೆಯ ಬಳಿ ಖುದ್ದಾಗಿ ನಿಂತಿರಿ ಎಂದು ಓದುಗರಲ್ಲಿ ನಮ್ಮ ವಿನಂತಿ. ಆಗ ತಪ್ಪಿದ ಗೆರೆಯನ್ನು ಅನಂತರ ತಿದ್ದಿಸುವುದು ಸುಲಭವಲ್ಲ. ತೋಟದ ಅಂಕಿಗಳನ್ನು ವ್ಯಾಪಾರಿಗೆ ಕೊಟ್ಟಾಗ ಒಂದು ಪ್ರತಿಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿಯೂ ಬರೆದಿಡಿ. ಒಬ್ಬನೇ ವ್ಯಾಪಾರಿಯ ಬಳಿ ಅದು ಉಳಿದರೆ ಬೆಳೆಗಾರನೂ ಅವನ ಬಳಿಯೇ ಉಳಿಯಬೇಕಾದೀತು. ತೂಕದ ಚೀಟಿಗಳನ್ನು ಐದು ವರ್ಷ ಎಸೆಯಬೇಡಿ. ಸಂದೇಹವಿದ್ದವರು ಕಾಫಿ ಮಂಡಳಿಯ ಹತ್ತಿರದ ಕಚೇರಿಯಲ್ಲಿ ವಿಚಾರಿಸಬಹುದು. ವಯನಾಡಿನವರಿಗೆ ಚುಂಡಲೆಯಲ್ಲಿ ಮಂಡಳಿಯ ಸಂಶೋಧನಾ ಕೇಂದ್ರವೂ ಇದೆ. ರೊಬಸ್ಟಾದ ಕೊಯ್ಲು ಆರಂಭವಾದರೆ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಮಳೆ ನಿಂತು ಹಣ್ಣು ಕೆಂಪಾಗುವುದರೊಳಗೆ ಗ್ರಾಮ ಕಚೇರಿಯ ಕೆಲಸ ಮುಗಿಸಿಕೊಳ್ಳುವುದಾಗಿ ಆ ಹಿರಿಯರು ನಮಗೆ ಹೇಳಿ ಕಳುಹಿಸಿದ್ದಾರೆ.